ಕಂಡವರ ಮನೆಯ ಎಡೆ

ತಲೆಯ ಮೇಲೆ ನೀರು ಹಾಕಕೂಡದು. ಈ ಒಂದೇ ಷರತ್ತಿನ ಮೇಲೆ ಅಜ್ಜಿ ನನ್ನನ್ನು ಕ್ರೈಸ್ತ ಕನ್ಯೆಯರ ಮಠದ ಶಾಲೆಗೆ ಸೇರಿಸಿದಳು. ಆಗ ನನಗೆ ಎಂಟು ವರ್ಷ, ಯುದ್ಧ ನಡೆಯುತ್ತಿದ್ದ ಕಾಲ. ನೀರು ಹಾಕುವುದೆಂದರೆ ಅವರ ಜಾತಿಗೆ ಸೇರಿಸಿಕೊಳ್ಳುವುದು ಎಂದು ನಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಅಷ್ಟು ವಿವರ ಯಾರೂ ಹೇಳಿರಲಿಲ್ಲ. ಹಾಗಾಗಿ ಮೊದಲ ವಾರವೆಲ್ಲ ಶಾಲೆಯ ನಲ್ಲಿಯಲ್ಲಿ ಮುಖ ತೊಳೆಯಲೂ ಹೆದರುತ್ತಿದ್ದೆ. ಎರಡು ಹನಿ ಹಣೆಗೆ ಸಿಡಿದರೆ ಲಂಗದ ತುದಿಯಿಂದ ಒರೆಸಿಕೊಂಡು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಿದ್ದೆ.

ನಮ್ಮ ಹಳ್ಳಿ ಹಲಸೂರಿಗೆ ಮೂಡಲಲ್ಲಿತ್ತು. ಈಗ ಇಂದಿರಾನಗರ ಎಂದು ಕರೆಯುವ ಕಡೆ ಆಗ ರಾಗಿ ಹೊಲ, ಹುರುಳಿ ಹೊಲ, ಮಧ್ಯೆ ನಮ್ಮಂಥವರ ಒಂದಷ್ಟು ಮನೆ. ಅಲ್ಲಿ ಹೊಲವಿತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ, ಅಜ್ಜಿ ಕಥೆ ಕಟ್ಟುತ್ತಾಳೆ ಅನ್ನುತ್ತವೆ. ಅನ್ನಲಿ ಬಿಡಿ. ಆ ಹೊಲದ ಬದುವಿನ ಮೇಲೆ ನಡೆದೇ ನಾನು ಶಾಲೆಗೆ ಹೋದದ್ದು.

ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ಎರಡನೆಯ ಹೆರಿಗೆ, ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಅಪ್ಪ ವರ್ಷ ತುಂಬುವುದರೊಳಗೆ ಕೆ.ಆರ್. ಪುರದ ಕಡೆ ಇನ್ನೊಂದು ಮದುವೆಯಾಗಿ ಅಲ್ಲೇ ನಿಂತ. ಅವನನ್ನು ದೂರುವ ಉತ್ಸಾಹ ಈಗ ನನ್ನಲ್ಲಿ ಉಳಿದಿಲ್ಲ. ಅವ್ವನ ತಾಯಿ, ಅಂದರೆ ಈ ಅಜ್ಜಿ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ಕರೆತಂದಳು. ತಾತ ಅಷ್ಟು ಹೊತ್ತಿಗೆ ಇರಲಿಲ್ಲ. ಮನೆಯಲ್ಲಿ ನಾವಿಬ್ಬರೇ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ.

ಬೆಳಗ್ಗೆ ಕರೆದ ಹಾಲನ್ನು ಅಜ್ಜಿ ಹಿತ್ತಾಳೆ ಬಿಂದಿಗೆಯಲ್ಲಿ ಹೊತ್ತು, ಹಲಸೂರು ದಾಟಿ, ಕೆರೆ ಏರಿಯ ಮೇಲೆ ನಡೆದು, ದಂಡಿನ ಕಡೆಗಿದ್ದ ಮಠಕ್ಕೆ ಹಾಕಿ ಬರುತ್ತಿದ್ದಳು. ಕಂಟೋನ್ಮೆಂಟಿಗೆ ನಮ್ಮೂರಿನವರ ಬಾಯಲ್ಲಿ ಇದ್ದ ಹೆಸರು ದಂಡು. ಈಗಿನ ಶಿವಾಜಿನಗರದ ಮಾರ್ಕೆಟ್ಟಿಗೆ ಹೋದರೂ ದಂಡಿಗೆ ಹೋಗಿದ್ದೆ ಅನ್ನುವುದೇ. ಏರಿಯ ಮೇಲೆ ನಡೆಯುವಾಗ ಪಲ್ಟಣದ ಕಹಳೆ ಕೇಳಿಸುತ್ತಿತ್ತು. ಅದು ಕೇಳಿದೊಡನೆ ಅಜ್ಜಿ ಹೆಜ್ಜೆ ಚುರುಕು ಮಾಡುತ್ತಿದ್ದಳು. ಅವಳ ಗಡಿಯಾರ ಅದೇ.

ಮಠದ ಅಡುಗೆಮನೆಯ ಹಿಂಬಾಗಿಲಲ್ಲಿ ಹಾಲು ಅಳೆಸಿಕೊಳ್ಳುತ್ತಿದ್ದವರನ್ನು ನಾವು ಮಕ್ಕಳು ಅಡುಗೆ ಸಿಸ್ಟರ್ ಅನ್ನುತ್ತಿದ್ದೆವು. ಉಳಿದ ಸಿಸ್ಟರುಗಳಲ್ಲಿ ಕೆಲವರು ಬಿಳಿಯರು, ಕೆಲವರು ತಮಿಳರು. ಇವರು ಮಾತ್ರ ಬೆಂಗಳೂರಿನ ಪಕ್ಕದ ಕನ್ನಡದ ಕ್ರೈಸ್ತರ ಹಳ್ಳಿಯೊಂದರಿಂದ ಬಂದವರು. ನಮ್ಮಂಥದೇ ಮಾತು, ನಮ್ಮಂಥದೇ ಕಪ್ಪು. ತೋಳು ಮಡಿಸಿದರೆ ಮೊಣಕೈವರೆಗೂ ಸುಟ್ಟ ಗಾಯದ ಕಲೆಗಳು. ಅಜ್ಜಿಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು, ಅಕ್ಕಾ ಎಂದು ಕರೆಯುತ್ತಿದ್ದರು. ಹಾಲಿಗೆ ಬೆರಳದ್ದಿ ನೋಡಿ, "ಏನಕ್ಕಾ, ಎಮ್ಮೆ ಇವತ್ತು ಕೆರೆಗೆ ಬಿದ್ದಿತ್ತಾ?" ಎಂದು ದಿನವೂ ಕೇಳುವರು.

"ಬಿದ್ದಿತ್ತು ಸಿಸ್ಟರಮ್ಮ. ನಿಮ್ಮ ಮಠದ ಬಾವಿಗೇ ಬಿದ್ದಿತ್ತು" ಎಂದು ಅಜ್ಜಿಯೂ ದಿನವೂ ಅಷ್ಟೇ ಗಂಭೀರವಾಗಿ ಹೇಳುವಳು. ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ ಅವಳು. ಅದು ಇಬ್ಬರಿಗೂ ಗೊತ್ತಿದ್ದರಿಂದಲೇ ಆ ಮಾತು ವರ್ಷಗಟ್ಟಲೆ ನಡೆಯಿತು.

ನನ್ನನ್ನು ಶಾಲೆಗೆ ಎಳೆದವರೂ ಅವರೇ. ಅಜ್ಜಿ ಹಾಲು ಅಳೆಯುವಾಗ ನಾನು ಹಿಟ್ಟಿನ ಮೂಟೆಯ ಮೇಲಿನ ಅಕ್ಷರಗಳನ್ನು ನೋಡಿಕೊಂಡು ಮೆಟ್ಟಿಲ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಒರೆಸುವ ಕೆಲಸ ತಮಗೆ ಬಿದ್ದರೂ ಸಿಸ್ಟರ್ ಬೈಯಲಿಲ್ಲ. ಬಡ ಹುಡುಗಿಯರಿಗೆಂದು ಮಠದ ಹಿತ್ತಲಿನಲ್ಲಿ ಒಂದು ಶಾಲೆ ಇತ್ತು, ಅಲ್ಲಿಗೆ ಕಳಿಸಿ ಎಂದು ಆರು ತಿಂಗಳು ಅಜ್ಜಿಯ ಬೆನ್ನು ಬಿದ್ದರು. ಕೊನೆಗೆ ಅಜ್ಜಿ ನೀರಿನ ಷರತ್ತು ಹಾಕಿದಳು. ಸಿಸ್ಟರ್ ತಮ್ಮ ಕೊರಳಿನ ಶಿಲುಬೆ ಮುಟ್ಟಿ ಒಪ್ಪಿಕೊಂಡರು. ಶಾಲೆ ನನಗೆ ಎಷ್ಟು ಹಿಡಿಸಿತೆಂದರೆ ಭಾನುವಾರವೂ ಸ್ಲೇಟು ಹಿಡಿದು ಹೊರಡುತ್ತಿದ್ದೆ, ಅಜ್ಜಿ ಜಡೆ ಹಿಡಿದು ವಾಪಸು ಎಳೆಯಬೇಕಿತ್ತು.

ಮಠದ ಊಟದ ಮನೆಯಲ್ಲಿ ಉದ್ದನೆಯ ಮೇಜು. ಅದರ ತಲೆಯ ಕಡೆಗೆ ಒಂದು ಕುರ್ಚಿ, ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಕುರ್ಚಿಯ ಹಿಂದೆ ಗೋಡೆಯ ಮೇಲೆ ಬಿಳಿ ಮುಸುಕಿನ ಹೆಂಗಸೊಬ್ಬಳ ಪಟ. ಅಗಲ ಮುಖ, ದಪ್ಪ ಬೆರಳು. ಚಂದವೇನಲ್ಲ, ಆದರೆ ನಮ್ಮನ್ನೇ ಕಾಯುತ್ತಿರುವಂತೆ ನೋಡುತ್ತಿದ್ದಳು. ಆ ಸಿಸ್ಟರುಗಳ ಕೂಟವನ್ನು ಮೊದಲು ಕಟ್ಟಿದವಳು ಅವಳಂತೆ. ತೀರಿಕೊಂಡು ಬಹಳ ಕಾಲವಾದ ಮೇಲೆ ರೋಮಿನ ದೊಡ್ಡ ಗುರುಗಳು ಅವಳನ್ನು ಸಂತರ ಸಾಲಿಗೆ ಸೇರಿಸಿದರಂತೆ. ಎಲ್ಲರೂ ಅವಳನ್ನು ಹಿರಿಯಮ್ಮ ಎನ್ನುತ್ತಿದ್ದರು. ಪ್ರತಿ ಮಧ್ಯಾಹ್ನ ಮೊದಲು ಬಡಿಸುವುದು ಆ ಖಾಲಿ ಕುರ್ಚಿಯ ಮುಂದಿನ ತಟ್ಟೆಗೆ. ಪ್ರಾರ್ಥನೆ ಮುಗಿದ ಮೇಲೆ ಅಡುಗೆ ಸಿಸ್ಟರ್ ಆ ತಟ್ಟೆಯನ್ನು ಹಾಗೇ ಎತ್ತಿಕೊಂಡು ಹಿಂದಿನ ಗೇಟಿಗೆ ಹೋಗಿ, ಅಲ್ಲಿ ಮೊದಲು ಸಿಕ್ಕವರಿಗೆ ಕೊಡುವರು. ವರ್ಷಕ್ಕೊಮ್ಮೆ, ಹಿರಿಯಮ್ಮನ ಹಬ್ಬದ ದಿನ ಮಾತ್ರ ತಟ್ಟೆ ಹೊರಗೆ ಹೋಗುವುದಿಲ್ಲ. ಶಾಲೆಗೆ ಎಲ್ಲರಿಗಿಂತ ಕೊನೆಯಲ್ಲಿ ಸೇರಿದ ಹುಡುಗಿಯನ್ನು ಆ ಕುರ್ಚಿಯಲ್ಲೇ ಕೂರಿಸಿ ಉಣಿಸುತ್ತಾರೆ.

ಆ ವರ್ಷ ಕೊನೆಯಲ್ಲಿ ಸೇರಿದವಳು ನಾನು.

ಪಟಕ್ಕೆ ಸೇವಂತಿಗೆ ಹಾರ, ಮುಂದೆ ಉರಿಯುವ ಮೇಣದ ಬತ್ತಿ. ಕುರ್ಚಿ ಎತ್ತರವಾಯಿತೆಂದು ನನ್ನ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟರು. ತಟ್ಟೆಯಲ್ಲಿ ಬೆಣ್ಣೆ ಸವರಿದ ಬನ್ನು, ಆಲೂಗಡ್ಡೆ ಪಲ್ಯ, ಇಡೀ ಒಂದು ಬೇಯಿಸಿದ ಮೊಟ್ಟೆ, ಅಕ್ಕಿ ಪಾಯಸ. ಅಕ್ಕಿಯ ಮುಖ ಕಾಣುವುದೇ ಅಪರೂಪವಾಗುತ್ತಿದ್ದ ದಿನಗಳವು. ಬಿಳಿಯ ಮದರ್, ಅಂದರೆ ಆ ಮಠದ ಯಜಮಾನಿ, ನನಗೆ ತಾವೇ ಬಡಿಸಿ ನನ್ನ ಹಿಂದೆ ನಿಂತಿದ್ದರು. ಅಷ್ಟು ಜನ ದೊಡ್ಡವರು ನಾನು ಉಣ್ಣುವುದನ್ನೇ ನೋಡುತ್ತಿದ್ದದ್ದು ಜೀವಮಾನದಲ್ಲಿ ಅದೇ ಮೊದಲು. ನಾಚಿಕೆ ಎರಡು ತುತ್ತಿನವರೆಗೆ ಇತ್ತು. ಆಮೇಲೆ ತಟ್ಟೆಯನ್ನು ನೆಕ್ಕಿಬಿಟ್ಟೆ.

ಓಡಿಕೊಂಡೇ ಮನೆಗೆ ಬಂದೆ. ಅಜ್ಜಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು.

"ಅಜ್ಜೀ, ಇವತ್ತು ಹಿರಿಯಮ್ಮನ ತಟ್ಟೇಲಿ ನಾನೇ ಊಟ ಮಾಡಿದ್ದು. ಪಟಕ್ಕೆ ಹಾರ ಹಾಕಿದ್ರು, ದೀಪ ಹಚ್ಚಿದ್ರು. ಅವರ ಕುರ್ಚೀಲೇ ಕೂರಿಸಿದ್ರು."

"ಯಾವ ಹಿರಿಯಮ್ಮ?"

"ಸತ್ತೋಗಿದಾರಲ್ಲ, ಅವರು."

ಮೊರ ನಿಂತಿತು. ಅವು ಪಿತೃಪಕ್ಷದ ದಿನಗಳು. ಹಳ್ಳಿಯಲ್ಲಿ ಒಂದೊಂದು ಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಡುತ್ತಿದ್ದ ಹದಿನೈದು ದಿನ: ಗೋಡೆಯ ಬಳಿ ಸತ್ತವರ ಬಟ್ಟೆ, ಅದಕ್ಕೆ ಹೂವು, ಮುಂದೆ ದೀಪ, ಎಲೆಯಲ್ಲಿ ಅವರಿಗೆ ಇಷ್ಟವಾದ ಅಡುಗೆ. ಕಾಗೆ ಮುಟ್ಟಿದ ಮೇಲೆ ಆ ಎಲೆಯನ್ನು ಮನೆಯವರು ಉಣ್ಣುವುದು. ಮನೆಯವರು ಮಾತ್ರ. ಹಾರ, ದೀಪ, ಸತ್ತವಳ ಮುಂದೆ ಬಡಿಸಿದ ತಟ್ಟೆ, ಅದನ್ನು ಉಂಡು ಬಂದ ಮೊಮ್ಮಗಳು. ಅಜ್ಜಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ.

"ಎಷ್ಟು ತಿಂದೆ?"

ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. "ಒಂಚೂರು" ಎಂದೆ.

"ನಿಜ ಹೇಳು."

"ತಟ್ಟೆ ನೆಕ್ಕಿದೆ ಅಜ್ಜಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಚ್ಚಲಿಗೆ ಕರೆದುಕೊಂಡು ಹೋಗಿ ನನ್ನ ಬಾಯಿ ತೊಳೆಸಿದಳು, ಬೇವಿನ ಎಲೆ ಅಗಿಸಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ನನ್ನ ಸ್ಲೇಟನ್ನು ಅಟ್ಟದ ಮೇಲೆ ಎಸೆದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅಜ್ಜಿ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ.

"ಕಂಡೋರ ಮನೆ ಎಡೆ ಉಂಡ್ಬಂದೆಯಲ್ಲೇ. ನೀರು ಹಾಕ್ಬೇಡಿ ಅಂದೆ, ಎಡೆ ಇಕ್ಕಿದ್ರು. ಯಾರ ಮನೆ ಎಡೆ ಉಂಡ್ರೆ ಆ ಮನೆಯೋರಾಗ್ತಾರೆ. ನೀನು ಆ ಮನೆಗೆ ಹೋಗ್ಬಿಟ್ರೆ ನಿಮ್ಮವ್ವಂಗೆ ಎಡೆ ಇಡೋರು ಯಾರು?"

ಅದು ಅವಳ ಭಯ. ಮದುವೆಯಾಗಿ ಹೋದ ಮಗಳಿಗೆ ಗಂಡನ ಮನೆಯವರು ಎಡೆ ಇಡಬೇಕು. ಅಪ್ಪನ ಹೊಸ ಮನೆಯಲ್ಲಿ ಅವ್ವನ ಹೆಸರು ಎತ್ತುವವರೇ ಇರಲಿಲ್ಲ. ಅದಕ್ಕೆ ಊರವರು ಏನಂದರೂ ಕೇಳದೆ ಅಜ್ಜಿ ನನ್ನ ಕೈಯಲ್ಲಿ ಎಡೆ ಇಡಿಸುತ್ತಿದ್ದಳು. ತಾನು ಹೋದ ಮೇಲೂ ಮಗಳು ಹಸಿದಿರಬಾರದು ಎಂದು ನನ್ನನ್ನು ಸಾಕುತ್ತಿದ್ದಳೋ ಎನ್ನಿಸಿ, ದೊಡ್ಡವಳಾದ ಮೇಲೆ ಒಂದೆರಡು ಸಲ ನನಗೆ ಬೇಜಾರೂ ಆಗಿದೆ. ಆ ದಿನ ಮಾತ್ರ ಅವ್ವ ಎಲ್ಲೋ ಎಲೆಯ ಮುಂದೆ ಕಾದು ಕೂತಿದ್ದಾಳೆ ಅನ್ನಿಸಿ ನಾನೂ ಅತ್ತೆ.

ಶಾಲೆ ನಿಂತಿತು. ಮಠದ ಹಾಲೂ ನಿಂತಿತು. ಅಜ್ಜಿ ಹಾಲನ್ನೆಲ್ಲ ಹೆಪ್ಪು ಹಾಕಿ ಬೆಣ್ಣೆ ತೆಗೆಯತೊಡಗಿದಳು. ನಾನು ಎಮ್ಮೆ ಮೇಯಿಸಲು ಹೋಗಿ ಬೆತ್ತದಿಂದ ನೆಲದ ಮೇಲೆ ಅ ಆ ಬರೆಯುತ್ತ ಕೂರುತ್ತಿದ್ದೆ. ಬರೆದು ಬರೆದು ಕಾಗುಣಿತ ಮುಗಿದ ಮೇಲೆ ಮುಂದಿನದು ಗೊತ್ತಿರಲಿಲ್ಲ. ಮುಂದಿನದು ಇನ್ನು ಎಂದಿಗೂ ಗೊತ್ತಾಗುವುದಿಲ್ಲ ಎಂಬುದು ಹೊಳೆದಾಗ ಬರೆದದ್ದನ್ನೆಲ್ಲ ಅಂಗೈಯಿಂದ ಅಳಿಸಿ ಮತ್ತೆ ಮೊದಲಿಂದ ಶುರುಮಾಡಿದೆ.

ಐದನೆಯ ದಿನ ಅಡುಗೆ ಸಿಸ್ಟರ್ ಬಂದರು. ಒಬ್ಬರೇ ಹೊರಗೆ ಓಡಾಡಬಾರದೆಂಬುದು ಅವರ ಕಟ್ಟಳೆ, ಅದಕ್ಕೆ ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬರನ್ನು ಜೊತೆಗೆ ಕರೆತಂದಿದ್ದರು. ಆಕೆ ತಮಿಳರು, ನಮ್ಮ ಮಾತು ತಿಳಿಯದೆ ಬೇಲಿಯ ಹತ್ತಿರವೇ ನಿಂತರು. ಅಡುಗೆ ಸಿಸ್ಟರ್ ಬಿಸಿಲಲ್ಲಿ ಬೆವರಿ, ಬಿಳಿ ನಿಲುವಂಗಿಯ ಅಂಚಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡಿದ್ದರು.

"ಎಮ್ಮೆ ಕೆರೆಗೆ ಬಿತ್ತಾ ಅಕ್ಕಾ?"

ಅಜ್ಜಿ ಮುಖ ತಿರುಗಿಸಿದಳು. ಆದರೂ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಮನೆಗೆ ಬಂದವರನ್ನು ಹಾಗೇ ಕಳಿಸುವ ಸ್ವಭಾವ ಅವಳದಲ್ಲ. ಮಜ್ಜಿಗೆ ಕುಡಿದು ಮುಗಿದ ಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ನಂಬಿಸಿ ಮೋಸ ಮಾಡಿದ್ರಿ ಸಿಸ್ಟರಮ್ಮ" ಎಂದಳು.

ಸಿಸ್ಟರ್ ಲೋಟವನ್ನು ಕೆಳಗಿಟ್ಟರು. ಆ ಬಿಳಿಯರಿಗೆ ಯಾರಿಗೂ ಹೊಳೆಯದಿದ್ದದ್ದು ಇವರಿಗೆ ತಟ್ಟನೆ ಹೊಳೆಯಿತು. ಅವರ ಹಳ್ಳಿಯಲ್ಲೂ ಹಳೆಯ ಮುದುಕಿಯರು ಗುರುಗಳ ಕಣ್ಣು ತಪ್ಪಿಸಿ ಸತ್ತವರಿಗೆ ಒಂದು ತುತ್ತು ಎತ್ತಿಡುತ್ತಿದ್ದರಂತೆ.

"ಎಡೆ ಅಂತ ನನಗೆ ಹೊಳೀಲೇ ಇಲ್ಲ ಅಕ್ಕಾ. ದಿನಾ ನಾನೇ ಎತ್ತಿ ಕೊಡ್ತೀನಿ, ಆದ್ರೂ ಹೊಳೀಲಿಲ್ಲ. ಅವರ ಕಥೆ ಹೇಳ್ತೀನಿ, ಕೇಳ್ತೀಯಾ? ಆಮೇಲೆ ನಿನ್ನಿಷ್ಟ."

ಹಿರಿಯಮ್ಮ ಕಡಲಾಚೆಯ ಬೆಟ್ಟದ ಸೀಮೆಯಲ್ಲಿ ನೇಯುವವನ ಮಗಳು. ಒಂದು ವರ್ಷ ವಾಂತಿಭೇದಿ ಬಂದು ಊರಲ್ಲಿ ಮನೆ ಮನೆಗೂ ಬಾಗಿಲು ಮುಚ್ಚಿತು. ಇವಳ ಮನೆಯಲ್ಲಿ ಇವಳೊಬ್ಬಳೇ ಉಳಿದಳು. ಹೆಣಗಳ ಪಕ್ಕದಲ್ಲಿ ಅಳುತ್ತಿದ್ದ ಎರಡು ಕೂಸುಗಳನ್ನು ಎತ್ತಿಕೊಂಡು ಬಂದು, ಕುದುರೆ ಲಾಯದ ಮೇಲಿನ ಒಂದು ಕೋಣೆಯಲ್ಲಿ ಗಂಜಿ ಕಾಯಿಸಿ ಕುಡಿಸಿದಳು. ಎರಡು ಹತ್ತಾಯಿತು. ನೆರವಿಗೆ ಮೂವರು ಹುಡುಗಿಯರು ಬಂದರು. ಅವರೇ ಮೊದಲ ಸಿಸ್ಟರುಗಳು. ಊಟಕ್ಕೆ ಕೂತಾಗ ಯಾರಾದರೂ ಬಾಗಿಲು ತಟ್ಟಿದರೆ ತನ್ನ ತಟ್ಟೆ ಎತ್ತಿ ಕೊಟ್ಟು, "ನನ್ನದು ಆಯಿತು" ಎನ್ನುತ್ತಿದ್ದಳು. ಒಬ್ಬರೂ ಅನುಮಾನ ಪಡಲಿಲ್ಲ. ಕಾಯಿಲೆ ಬಿದ್ದು ಮಲಗಿದಾಗ ಅವಳನ್ನು ಎತ್ತಿ ಮಗ್ಗುಲು ಬದಲಿಸಿದ ಹುಡುಗಿಗೆ, ಮೈಯಲ್ಲಿ ತೂಕವೇ ಇಲ್ಲದ್ದು ಗೊತ್ತಾಗಿ ಎಲ್ಲವೂ ತಿಳಿಯಿತು. ಕೊನೆಯ ದಿನ ತಂದ ಸಾರನ್ನೂ ಅವಳು ಕುಡಿಯಲಿಲ್ಲ. ಬಾಗಿಲಲ್ಲಿ ಯಾರಿದ್ದಾರೆ ನೋಡಿ ಎಂದಳಂತೆ. ಅಂದಿನಿಂದ ಅವಳ ಕೂಟದ ಮಠ ಎಲ್ಲಿದ್ದರೂ ಮೊದಲು ಅವಳಿಗೆ ಬಡಿಸಿ, ಅದನ್ನು ಬಾಗಿಲಿಗೆ ಬಂದವರಿಗೆ ಕೊಡುತ್ತಾರೆ.

ಸಿಸ್ಟರ್ ಇದನ್ನು ಹೇಳುವಾಗ ತಮ್ಮ ಸ್ವಂತ ಅತ್ತೆಯದೋ ಅಜ್ಜಿಯದೋ ಸುದ್ದಿ ಹೇಳುವಂತೆ ಹೇಳಿದರು. ಅಜ್ಜಿ ಮೊರದ ಹುರುಳಿಯಲ್ಲಿ ಬೆರಳಾಡಿಸುತ್ತ ಕೇಳಿದಳು.

"ಮಕ್ಕಳು ಮರಿ?"

"ಇಲ್ಲ. ನಾವೇ."

"ಕಾಗೆಗೆ ಇಡಲ್ವಾ?"

"ಕಾಗೆ ಬದಲು ಹಸಿದೋರು ತಿಂತಾರೆ ಅಕ್ಕಾ."

ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಒಳ್ಳೆಯೋಳೇ ಇದ್ದಾಳೆ ನಿಮ್ಮವ್ವ. ಅದಕ್ಕೇ ನಂಗೆ ಹೆದರಿಕೆ. ಕೆಟ್ಟೋರು ಕರೆದ್ರೆ ಮಕ್ಕಳು ಹೋಗಲ್ಲ. ಒಳ್ಳೆಯೋರು ಕರೆದ್ರೆ ಹಿಂದೆ ತಿರುಗೂ ನೋಡಲ್ಲ" ಎಂದಳು.

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಕಂಬ ಹಿಡಿದು ನಿಂತಿದ್ದೆ. ಶಾಲೆ ಎಂಬ ಮಾತನ್ನು ಇಬ್ಬರಲ್ಲಿ ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ.

ಅಜ್ಜಿಯೇ ಎತ್ತಿದಳು. ಆದರೆ ಅವಳ ದಾರಿ ಅವಳದು. "ನನ್ನ ಮೊಮ್ಮಗಳು ನಿಮ್ಮನೆ ಎಡೆ ಉಂಡ್ಳು. ನೀವು ಅಮಾವಾಸ್ಯೆ ದಿನ ಬಂದು ನಮ್ಮನೆ ಎಡೆ ಉಣ್ಣಿ. ಆಗ ನೀವೂ ನಮ್ಮನೆಯೋರಾಗ್ತೀರ. ಇವಳು ನಿಮ್ಮ ಹತ್ರ ಬಂದ್ರೂ ನಮ್ಮನೇಲೇ ಇದ್ದಂಗೆ. ಕಳಿಸ್ತೀನಿ."

ಸತ್ತವರಿಗೆ ಇಟ್ಟದ್ದನ್ನು, ಬೇರೆ ದೇವರಿಗೆ ಇಟ್ಟದ್ದನ್ನು ಮುಟ್ಟಕೂಡದೆಂಬುದು ಆ ಕಾಲದಲ್ಲಿ ಅವರಿಗೆ ಎಷ್ಟು ಬಿಗಿಯಾದ ಕಟ್ಟಳೆ ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಸಿಸ್ಟರ್ ಮುಖ ಬಾಡಿದ್ದು ಮಾತ್ರ ಕಂಡಿತು.

"ಮದರನ್ನ ಕೇಳ್ಬೇಕು ಅಕ್ಕಾ."

"ಕೇಳಿದ್ರೆ ಬೇಡ ಅಂತಾರೆ. ನಿಮಗೂ ಗೊತ್ತು, ನಂಗೂ ಗೊತ್ತು."

ಅವರು ಎದ್ದು ಹೋದರು. ಬೇಲಿಯ ಬಳಿ ನನ್ನ ತಲೆ ನೇವರಿಸಿದರು. ಬರುತ್ತಾರೆ ಎಂದು ನಾನು ಅಂದುಕೊಳ್ಳಲಿಲ್ಲ.

ಅಮಾವಾಸ್ಯೆ ಶುಕ್ರವಾರ ಬಿತ್ತು. ನಮ್ಮಲ್ಲಿ ಹಿರಿಯರ ಎಡೆಗೆ ಕೋಳಿ ಸಾರು ಇಲ್ಲದಿದ್ದರೆ ಹಬ್ಬವೇ ಅಲ್ಲ, ಅದರಲ್ಲೂ ತಾತ ಮಾಂಸಪ್ರಿಯ. ಆದರೆ ಶುಕ್ರವಾರ ಮಠದಲ್ಲಿ ಮಾಂಸ ಮುಟ್ಟುವುದಿಲ್ಲವೆಂದು ಅಷ್ಟು ವರ್ಷ ಹಾಲು ಹಾಕಿದವಳಿಗೆ ಗೊತ್ತಿರದೇ? ಕೋಳಿಯನ್ನು ಪಂಜರದಲ್ಲೇ ಬಿಟ್ಟು ಹುರುಳಿಕಾಳಿನ ಬಸ್ಸಾರು ಮಾಡಿದಳು. ಅದು ಅವ್ವನಿಗೆ ಇಷ್ಟವಾದದ್ದು. ಜೊತೆಗೆ ಮುದ್ದೆ, ವಡೆ, ಕಜ್ಜಾಯ. "ನಿಮ್ಮ ತಾತ ಈ ವರ್ಷ ಮುಖ ಗಂಟು ಹಾಕ್ಕೋತಾನೆ. ಹಾಕ್ಕೊಳ್ಲಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ತಾತನ ಪಂಚೆ, ಅವ್ವನ ನೀಲಿ ಸೀರೆ, ಎರಡು ಎಲೆ. ನಾನೇ ಬಡಿಸಿದೆ, ಧೂಪ ಹಾಕಿದೆ. ಮನೆಯ ಹೆಂಚಿನ ಮೇಲೆ ಇಟ್ಟ ತುತ್ತನ್ನು ಕಾಗೆ ಬಂದು ಎತ್ತಿಕೊಂಡು ಹೋಯಿತು. ಅಜ್ಜಿ ಊಟಕ್ಕೆ ಕೂರಲಿಲ್ಲ. ನನ್ನನ್ನೂ ಕೂರಿಸಲಿಲ್ಲ. ನಾನು ಬದುವಿನ ಮೇಲೆ ನಿಂತು ಹಲಸೂರಿನ ದಾರಿ ನೋಡಿದೆ. ಮುದ್ದೆ ಆರಿ ಗಟ್ಟಿಯಾಯಿತು. ನೆರಳು ಉದ್ದವಾಗತೊಡಗಿತು. ಇನ್ನು ಶಾಲೆಯಿಲ್ಲ ಎಂದು ನಾನು ಒಳಗೇ ಹೇಳಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಆಗ ಹೊಲದ ಆಚೆ ಎರಡು ಬಿಳಿ ಉಡುಗೆ ಕಂಡವು. ನಾನು ಅಜ್ಜಿಯನ್ನು ಕೂಗಲೂ ಮರೆತು ಓಡಿದೆ.

ಅಡುಗೆ ಸಿಸ್ಟರ್ ಕಾಲು ತೊಳೆದು ಒಳಗೆ ಬಂದು ಅವ್ವನ ಸೀರೆಯ ಮುಂದಿನ ಎಲೆಗೆ ಕೂತರು. ಕಣ್ಣು ಮುಚ್ಚಿ, ಹಣೆ ಎದೆ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡರು. ತುಟಿ ಅಲುಗಿತು. ಆಮೇಲೆ ಮುದ್ದೆ ಮುರಿದು, ಬಸ್ಸಾರಿಗೆ ಅದ್ದಿ, ಅಗಿಯದೆ ನುಂಗಿದರು. ಮಠಕ್ಕೆ ಸೇರಿದ ಮೇಲೆ ಮುದ್ದೆ ಕಂಡಿದ್ದರೋ ಇಲ್ಲವೋ, ನುಂಗುವುದನ್ನು ಮರೆತಿರಲಿಲ್ಲ. ಅಜ್ಜಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಕೈಯನ್ನೇ ನೋಡುತ್ತಿದ್ದಳು.

"ಉಪ್ಪು?"

"ಸರಿಯಾಗೈತೆ ಅಕ್ಕಾ."

ಇನ್ನೊಂದು ಕಜ್ಜಾಯ ಹಾಕಿದಳು, ತಿಂದರು. ಎಲೆ ಖಾಲಿಯಾಯಿತು. ಅವರು ಎಲೆ ಎತ್ತಲು ಹೋದಾಗ ಅಜ್ಜಿ ಕೈ ಅಡ್ಡ ಹಿಡಿದು, "ಬಿಡು, ನಾನೆತ್ತೀನಿ" ಎಂದಳು. ಅವಳು ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಇಬ್ಬರ ಕಣ್ಣೂ ತುಂಬಿದ್ದವು. ನಾನು ಆ ಹೊತ್ತಿಗೆ ಏಣಿ ತಂದು ಅಟ್ಟದ ಮೇಲಿನ ಸ್ಲೇಟು ಹುಡುಕುತ್ತಿದ್ದೆ.

ಮರುದಿನ ಬೆಳಗ್ಗೆ ಹಾಲಿನ ಜೊತೆ ನಾನೂ ಹೋದೆ. ಅಡುಗೆ ಸಿಸ್ಟರ್ ಹಾಲಿಗೆ ಬೆರಳದ್ದಿ ಎಂದಿನ ಮಾತು ಕೇಳಿದರು. ಎಲ್ಲ ಸರಿಹೋಯಿತು ಎಂದುಕೊಂಡೆ.

ಮಧ್ಯಾಹ್ನ ಊಟದ ಮನೆಯ ಕಿಟಕಿಯಲ್ಲಿ ಇಣುಕಿದೆ. ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಅಡುಗೆ ಸಿಸ್ಟರ್ ಮಾತ್ರ ಹಿರಿಯಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಮೊಣಕಾಲೂರಿ, ತಟ್ಟೆಯನ್ನು ಕೆಳಗಿಟ್ಟುಕೊಂಡು ಉಣ್ಣುತ್ತಿದ್ದರು. ಮರುದಿನವೂ ಹಾಗೇ. ಒಂದು ತಿಂಗಳು ಹಾಗೇ ಉಣ್ಣಬೇಕೆಂದು ಮದರ್ ಹೇಳಿದ್ದರಂತೆ. ಜೊತೆಗೆ ಬಂದ ಚಿಕ್ಕ ಸಿಸ್ಟರ್ ಬಾಯಿ ಬಿಟ್ಟಿರಲಿಲ್ಲ. ಇವರೇ ಆ ಸಂಜೆ ಹೋಗಿ ಎಲ್ಲವನ್ನೂ ಹೇಳಿಕೊಂಡಿದ್ದರು.

ಪಾತ್ರೆ ತೊಳೆಯುವ ಕಡೆ ಅವರನ್ನು ಹಿಡಿದು ಕೇಳಿದೆ. "ನಮ್ಮನೇಲಿ ಉಂಡಿದ್ದಕ್ಕಾ ಸಿಸ್ಟರ್?"

"ಉಂಡಿದ್ದಕ್ಕಲ್ಲ ಕಣೆ. ಕೇಳ್ದೆ ಹೋಗಿದ್ದಕ್ಕೆ. ಉಂಡಿದ್ದು ತಪ್ಪಾಯ್ತು ಅಂತ ನಾನು ಹೇಳ್ಲಿಲ್ಲ, ಅವರೂ ಹೇಳು ಅನ್ಲಿಲ್ಲ. ಹಿರಿಯಮ್ಮ ಇದ್ದಿದ್ರೆ ನನಗಿಂತ ಮೊದಲೇ ಹೋಗಿ ಕೂತ್ಕೊಳ್ಳೋರು." ಆಮೇಲೆ ಒದ್ದೆ ಕೈಯಲ್ಲಿ ನನ್ನ ಮೂಗು ಹಿಂಡಿ, "ನಿಮ್ಮಜ್ಜಿಗೆ ಇದು ಗೊತ್ತಾಗ್ಬಾರ್ದು" ಎಂದರು.

ನಾನು ಹೇಳಲಿಲ್ಲ. ಅಷ್ಟು ವರ್ಷ ಬಾಯಿ ಬಿಗಿಹಿಡಿದದ್ದು ನನ್ನ ಮಟ್ಟಿಗೆ ದೊಡ್ಡ ಸಾಧನೆಯೇ. ಆ ಮೊಣಕಾಲುಗಳ ಋಣದಿಂದ ನಾನು ಓದಿದೆ. ಮುಂದೆ ಮೇಷ್ಟ್ರಮ್ಮನಾಗಿ ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ಕಾಗುಣಿತ ತಿದ್ದಿದೆ. ನನ್ನ ತಲೆಯ ಮೇಲೆ ಯಾರೂ ನೀರು ಹಾಕಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲದಲ್ಲಿ ಅಡುಗೆ ಸಿಸ್ಟರ್ ತೀರಿಕೊಂಡರು. ಬಹಳ ದಿನದಿಂದ ಕೆಮ್ಮುತ್ತಿದ್ದರು. ಅಜ್ಜಿ ಬಿಂದಿಗೆ ಹೊತ್ತು ಹಿಂಬಾಗಿಲಿಗೆ ಹೋದಾಗ ಬೇರೊಬ್ಬರು ಹಾಲು ಅಳೆಸಿಕೊಂಡರು, ಎಮ್ಮೆಯ ವಿಷಯ ಕೇಳಲಿಲ್ಲ. ಬರುವಾಗ ಏರಿಯ ಮೇಲೆ ಅಜ್ಜಿ ಬಿಂದಿಗೆ ಇಳಿಸಿ ಕೂತುಬಿಟ್ಟಳು. "ಅವರಲ್ಲಿ ಅವಳಿಗೆ ಎಡೆ ಇಡ್ತಾರಾ?" ಎಂದು ಕೇಳಿದಳು.

"ಇಡಲ್ಲ ಅಜ್ಜಿ. ಹಿರಿಯಮ್ಮಂಗೆ ಮಾತ್ರ ತಟ್ಟೆ. ಉಳಿದೋರಿಗೆ ಪ್ರಾರ್ಥನೆ ಮಾಡ್ತಾರೆ."

ಆಗಲೇ ನಾನು ಮೊಣಕಾಲಿನ ವಿಷಯವನ್ನೂ ಹೇಳಿಬಿಟ್ಟೆ. ಇನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಅಜ್ಜಿ ಕೇಳಿ ಮುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಖಾಲಿ ಬಿಂದಿಗೆಯನ್ನು ಮತ್ತೆ ತಲೆಗೆ ಏರಿಸಿದಳು.

ಆ ವರ್ಷದ ಅಮಾವಾಸ್ಯೆಗೆ ಗೋಡೆಯ ಬಳಿ ಮೂರು ಎಲೆ. ತಾತನ ಪಂಚೆ, ಅವ್ವನ ನೀಲಿ ಸೀರೆ, ಅದರ ಪಕ್ಕ ಹೊಸದಾಗಿ ತಂದ ಬಿಳಿ ಬಟ್ಟೆಯ ತುಂಡು. ಮೂರನೆಯ ಎಲೆಗೆ ಬಸ್ಸಾರು, ಮುದ್ದೆ, ಎರಡು ಕಜ್ಜಾಯ. ಧೂಪ ಹಾಕಿದ ಮೇಲೆ ನಾನು ಅದರಿಂದಲೂ ಕಾಗೆಗೆ ತುತ್ತು ತೆಗೆಯಲು ಹೋದೆ. ಅಜ್ಜಿ ತಡೆದಳು.

"ಅವರ ಪದ್ಧತೀಲಿ ಕಾಗೆಗಿಲ್ಲ" ಎಂದು ಎಲೆಯನ್ನು ಮೊರದ ಮೇಲಿಟ್ಟುಕೊಂಡು ಬೇಲಿಯಾಚೆ ದಾರಿಗೆ ಹೋದಳು. ನಾನು ನೀರಿನ ಚೊಂಬು ಹಿಡಿದು ಹಿಂದೆ ಹೋದೆ. ಬಿಸಿಲು. ಸ್ವಲ್ಪ ಹೊತ್ತಿಗೆ ಗರುಡಾಚಾರ್‌ಪಾಳ್ಯದ ಕಡೆಯಿಂದ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ದಂಡಿಗೆ ಮಾರಲು ಹೊರಟವಳು, ತುಟಿ ಒಣಗಿತ್ತು.

"ಹೊರೆ ಇಳಿಸವ್ವ. ಉಂಡು ಹೋಗು" ಎಂದಳು ಅಜ್ಜಿ.

ಅವಳು ಹೊರೆ ಇಳಿಸಿದಳು. ಎಲೆಯನ್ನೂ ಬೇಲಿಯಾಚೆ ಏಳುತ್ತಿದ್ದ ಧೂಪದ ಹೊಗೆಯನ್ನೂ ನೋಡಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಎಡೆಯಲ್ವಾ ಇದು? ಯಾರದು?"

"ನಮ್ಮ ತಂಗೀದು."

"ಕಂಡೋರ ಮನೆ ಎಡೆ ಹೆಂಗೆ ಉಣ್ಲಿ ತಾಯಿ? ಉಂಡ್ರೆ ಏನಾಗುತ್ತೋ."

"ಏನೂ ಆಗಲ್ಲ. ನಮ್ಮನೆಯವಳಾಗ್ತೀಯ, ಅಷ್ಟೇ" ಎಂದಳು ಅಜ್ಜಿ.

ಆ ಹೆಂಗಸು ಅಜ್ಜಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ದಾರಿಯ ಬದಿಗೆ ಕೂತಳು. ನಾನು ಅವಳ ಕೈಗೆ ನೀರು ಹಾಕಿದೆ.